ನೀರಿಲ್ಲದ ನಾಡಿಗೆ ಮುಳುಗುವವರ ವಾಚು

(ಬಾನುಲಿ ಭಾಷಣ)



ಇವತ್ತಿನ ಮಾತು ಎರಡು ಜಪಾನಿ ಕೈಗಡಿಯಾರಗಳ ಬಗ್ಗೆ. ಒಂದು ಸೀಕೋ ಕಂಪನಿಯದು, ಇನ್ನೊಂದು ಸಿಟಿಜನ್ ಕಂಪನಿಯದು. ಎರಡೂ ಸಮುದ್ರದಲ್ಲಿ ಮುಳುಗುವವರಿಗೆಂದೇ ಮಾಡಿದವು. ಎರಡಕ್ಕೂ ಸೆಲ್ಲು ಬೇಡ. ಕಟ್ಟಿಕೊಂಡ ಕೈ ಅಲುಗಾಡಿದರೆ ಸಾಕು, ನಡೆಯುತ್ತವೆ. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಎದ್ದದ್ದು ಮಾತ್ರ ಕಡಲ ದಂಡೆಯಲ್ಲಲ್ಲ, ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ. ಕೇಳಿದವನು ನಮ್ಮ ಸಂಬಂಧದ ಹುಡುಗ. ದಾಳಿಂಬೆ ಹಚ್ಚಿದ್ದಾನೆ, ಮದುವೆ ಗೊತ್ತಾಗಿದೆ.

"ಕಾಕಾ, ಬೀಗರು ವಾಚ್ ಕೊಡ್ತೀವಿ, ಯಾವುದು ಬೇಕು ಹೇಳು ಅಂದಾರ. ಈ ಎರಡರಾಗ ಯಾವುದು ಹೇಳ್ಲಿ?" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಅವನ ಅಜ್ಜಿ ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದರು. ಇಬ್ಬರ ಮಾತನ್ನೂ ಕೇಳಿಸಿಕೊಂಡು, "ಹೊಳಿ ಇಲ್ಲ, ಕೆರಿ ತುಂಬಿಲ್ಲ. ಎಲ್ಲಿ ಮುಳುಗಾಂವ ಇಂವಾ?" ಎಂದರು.

ಹುಡುಗನ ಪ್ರಶ್ನೆಗಿಂತ ಅಜ್ಜಿಯ ಪ್ರಶ್ನೆ ದೊಡ್ಡದು. ಮೊದಲು ಅದಕ್ಕೇ ಉತ್ತರ ಹೇಳಬೇಕು.

ಕೊಪ್ಪಳ ಜಿಲ್ಲೆಯಲ್ಲಿ ನೀರಿಲ್ಲ ಎನ್ನುವ ಹಾಗಿಲ್ಲ. ಮುನಿರಾಬಾದಿನಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತು 1953ರಿಂದ ಗಂಗಾವತಿ ಕಡೆ ಎಡದಂಡೆ ಕಾಲುವೆ ಹರಿಯಿತು, ಭತ್ತದ ಗದ್ದೆಗಳು ಎದ್ದವು. ಕುಷ್ಟಗಿ, ಯಲಬುರ್ಗಾದವರು ಮಾತ್ರ ಮುಗಿಲು ನೋಡುತ್ತ ಉಳಿದರು. ಕೃಷ್ಣೆಯ ನೀರು ಬರುತ್ತದೆ ಎಂಬ ಮಾತನ್ನು ಅಲ್ಲಿ ಅಪ್ಪನೂ ಕೇಳಿದ್ದಾನೆ, ಮಗನೂ ಕೇಳುತ್ತಿದ್ದಾನೆ. ಅಂಥ ಊರಲ್ಲಿ ಮುಳುಗುವವರ ವಾಚು ಯಾಕೆ? ಯಾಕೆಂದರೆ ವಾಚಿನ ವೈರಿ ನೀರೊಂದೇ ಅಲ್ಲ. ಬೇಸಿಗೆಯಲ್ಲಿ ಏಳುವ ನುಣ್ಣನೆಯ ಕೆಂಪು ಧೂಳಿದೆ, ಮುಂಗೈಯಿಂದ ಇಳಿಯುವ ಉಪ್ಪು ಬೆವರಿದೆ, ದಾಳಿಂಬೆಗೆ ಔಷಧ ಹೊಡೆಯುವಾಗ ಗಾಳಿಯಲ್ಲಿ ತೇಲುವ ಹನಿಗಳಿವೆ. ಸಾಧಾರಣ ವಾಚಿನ ಸಂದಿಯಲ್ಲಿ ಇವೆಲ್ಲ ನಿಧಾನಕ್ಕೆ ಒಳಹೊಕ್ಕು ಎಣ್ಣೆಗೆ ಅಂಟಿ, ಗಾಲಿಗಳನ್ನು ತಿನ್ನುತ್ತವೆ. ಸಮುದ್ರದ ಒತ್ತಡವನ್ನೇ ಹೊರಗೆ ತಡೆಯುವ ವಾಚು ಧೂಳನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಹನುಮಸಾಗರದ ತೋಟಗಾರನಿಗೆ ಇಂಥ ವಾಚು ಶೋಕಿ ಮಾತ್ರವಲ್ಲ. ಶೋಕಿಯೂ ಹೌದು, ಅದನ್ನು ಒಪ್ಪಿಕೊಳ್ಳೋಣ.

ಇನ್ನು ಜಪಾನಿ ವಾಚು ನಮಗೆ ಪರದೇಶಿ ಎಂದು ತಿಳಿಯಬೇಕಿಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಹಿಂದುಸ್ತಾನ್ ಮಷೀನ್ ಟೂಲ್ಸ್, ಅಂದರೆ ನಮ್ಮೆಲ್ಲರ ಎಚ್‌ಎಂಟಿ, 1961ರಲ್ಲಿ ಕೈಗಡಿಯಾರ ಮಾಡಲು ಕೈಹಾಕಿದಾಗ ವಿದ್ಯೆ ಕೊಟ್ಟದ್ದು ಇದೇ ಸಿಟಿಜನ್ ಕಂಪನಿ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಂಬ ಹೆಸರುಗಳನ್ನು ಈಗ ಐವತ್ತು ದಾಟಿದ ಯಾವ ಗಂಡಸಿನ ಮುಂದೆ ಹೇಳಿದರೂ ಅವನ ಕೈ ತಾನಾಗಿ ಮುಂಗೈ ಸವರುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ವರನಿಗೆ ವಾಚು, ಸೈಕಲ್ಲು, ರೇಡಿಯೋ ಎಂಬ ಮಾತಿತ್ತು. ಆ ವಾಚು ಎಚ್‌ಎಂಟಿ ಆಗಿರಬೇಕು. ಚಾವಿ ಕೊಡಬೇಕಿಲ್ಲದ, ತಾನೇ ನಡೆಯುವ ಕಾಂಚನ ಸಿಕ್ಕರಂತೂ ಅಳಿಯನ ನಡಿಗೆಯೇ ಬೇರೆಯಾಗುತ್ತಿತ್ತು. ಆಮೇಲೆ ಸೆಲ್ಲಿನ ವಾಚು ಬಂತು, ಹೊಸೂರಿನಿಂದ ಟೈಟನ್ ಬಂತು. ಎಚ್‌ಎಂಟಿ ವಾಚುಗಳ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಇವತ್ತು ತಾನೇ ನಡೆಯುವ ವಾಚು ಬೇಕೆನ್ನುವ ಹುಡುಗ ಜಪಾನಿನ ಕಡೆ ನೋಡುತ್ತಾನೆ ಎಂದರೆ, ಅಜ್ಜನ ವಾಚಿಗೆ ವಿದ್ಯೆ ಕಲಿಸಿದ ಮನೆಯ ಕಡೆಗೇ ನೋಡುತ್ತಿದ್ದಾನೆ.

ಈಗ ಆ ಎರಡು ಮನೆಗಳ ಕಥೆ ಸ್ವಲ್ಪ.

ಸೀಕೋದ ಮೂಲಪುರುಷ ಹತ್ತೋರಿ ಕಿಂತಾರೊ 1881ರಲ್ಲಿ ಟೋಕಿಯೊದಲ್ಲಿ ಗಡಿಯಾರದ ಅಂಗಡಿ ಇಟ್ಟವನು. ಆ ಕಂಪನಿ 1965ರಲ್ಲಿ ಜಪಾನಿನ ಮೊದಲ ಮುಳುಗು ವಾಚನ್ನು ಹೊರತಂದಿತು. ಅದು 150 ಮೀಟರ್ ಆಳದ ಒತ್ತಡ ತಾಳುತ್ತಿತ್ತು. ಮೂರು ವರ್ಷದ ಮೇಲೆ ಹಿರೋಶಿಮಾ ಪ್ರಾಂತದ ಕುರೆ ಎಂಬ ಊರಿನ ವೃತ್ತಿಪರ ಮುಳುಗುಗಾರನೊಬ್ಬ ಕಂಪನಿಗೆ ಕಾಗದ ಬರೆದ: ನಿಮ್ಮ ವಾಚು ನಾವು ಇಳಿಯುವ ಆಳದ ಕೆಲಸವನ್ನು ತಾಳುವುದಿಲ್ಲ ಎಂದು. ಕಂಪನಿ ಸಿಟ್ಟಾಗಲಿಲ್ಲ, ಕಾಗದವನ್ನು ಮೂಲೆಗೆ ಒಗೆಯಲೂ ಇಲ್ಲ. ಏಳು ವರ್ಷ ಕೆಲಸ ಮಾಡಿ 1975ರಲ್ಲಿ 600 ಮೀಟರಿನ ವಾಚು ಮಾಡಿತು. ಗಿರಾಕಿಯ ಒಂದು ತಕರಾರಿಗೆ ಏಳು ವರ್ಷ ದುಡಿದ ಕಂಪನಿ ಎಂಬ ಕಾರಣಕ್ಕೇ ನನಗೆ ಸೀಕೋ ಮೇಲೆ ಗೌರವ.

ಸಿಟಿಜನ್ ಕಥೆ ಇನ್ನೂ ಸೊಗಸು. ಕಂಪನಿ 1959ರಲ್ಲಿ ಪ್ಯಾರಾವಾಟರ್ ಎಂಬ ನೀರು ತಡೆಯುವ ವಾಚು ಮಾಡಿತು. ಜನ ನಂಬಬೇಕಲ್ಲ? ವಾಚುಗಳನ್ನು ತೇಲುವ ಬುರುಡೆಗಳಿಗೆ ಕಟ್ಟಿ ಪೆಸಿಫಿಕ್ ಸಾಗರಕ್ಕೆ ಬಿಟ್ಟರು. ಅದಕ್ಕಿಂತ ದೊಡ್ಡ ಸಾಕ್ಷಿ ಯಾರೂ ಏರ್ಪಡಿಸದೆ ಬಂದದ್ದು. 1983ರಲ್ಲಿ ಆಸ್ಟ್ರೇಲಿಯಾದ ಲಾಂಗ್ ರೀಫ್ ಕಡಲ ದಂಡೆಯಲ್ಲಿ ಒಂದು ವಾಚು ಸಿಕ್ಕಿತು. ಸಿಟಿಜನ್ 1977ರಲ್ಲಿ ಹೊರತಂದ ಮುಳುಗು ವಾಚು ಅದು. ಯಾರ ಕೈಯಿಂದಲೋ ಜಾರಿ ವರ್ಷಗಟ್ಟಲೆ ಸಮುದ್ರದಲ್ಲಿ ಬಿದ್ದಿತ್ತು. ಮೈತುಂಬ ಚಿಪ್ಪುಜೀವಿಗಳು ಅಂಟಿ ಮನೆ ಮಾಡಿದ್ದವು. ಆದರೂ ಮುಳ್ಳುಗಳು ಓಡುತ್ತಿದ್ದವು ಎನ್ನುತ್ತದೆ ಕಂಪನಿ. ಸೆಲ್ಲಿಲ್ಲ, ಚಾವಿ ಕೊಡುವವರಿಲ್ಲ, ಹೇಗೆ ಓಡಿತು? ಅಲೆಯ ಹೊಯ್ದಾಟವೇ ಅದಕ್ಕೆ ಕೈಯಾಗಿತ್ತು. ತಾನೇ ನಡೆಯುವ ವಾಚು ಎಂದರೇನು ಎಂದು ಮಕ್ಕಳಿಗೆ ಹೇಳಬೇಕಾದರೆ ಈ ಕಥೆಯೊಂದೇ ಸಾಕು. ವಾಚಿನ ಹಿಂಭಾಗದಲ್ಲಿ ಅರ್ಧಚಂದ್ರದ ಆಕಾರದ ಭಾರದ ತುಂಡೊಂದು ತೂಗುತ್ತಿರುತ್ತದೆ. ಕೈ ಆಡಿದಂತೆ ಅದು ತಿರುಗುತ್ತದೆ, ತಿರುಗಿದಂತೆ ಸ್ಪ್ರಿಂಗು ಬಿಗಿಯಾಗುತ್ತದೆ, ಬಿಗಿದ ಸ್ಪ್ರಿಂಗು ಬಿಚ್ಚುತ್ತ ಗಾಲಿಗಳನ್ನು ನಡೆಸುತ್ತದೆ. ಎಚ್‌ಎಂಟಿಗೆ ದಿನಾ ಬೆಳಿಗ್ಗೆ ನಾವು ಬೆರಳಿನಿಂದ ಮಾಡುತ್ತಿದ್ದ ಕೆಲಸ ಇಲ್ಲಿ ಮುಂಗೈಯಿಂದ ತಾನಾಗಿ ಆಗುತ್ತದೆ.

ಡಯಲಿನ ಮೇಲೆ 200 ಮೀಟರ್ ಎಂದು ಬರೆದಿರುತ್ತದೆ. 200 ಮೀಟರ್ ಎಂದರೆ ಸುಮಾರು 656 ಅಡಿ. ಕುಷ್ಟಗಿ ತಾಲ್ಲೂಕಿನಲ್ಲಿ ಬೋರು ಹೊಡೆಸಿ ಕೈಸುಟ್ಟುಕೊಂಡವರಿಗೆ ಈ ಅಳತೆಯನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಮೀಟರಿಗೆ ಒಂದರಂತೆ ವಾತಾವರಣದ ಒತ್ತಡ ಏರುತ್ತ ಹೋಗುತ್ತದೆ. 200 ಮೀಟರಿನಲ್ಲಿ ನೀರು ಇಪ್ಪತ್ತು ಪಟ್ಟು ಒತ್ತುತ್ತದೆ. ಮೋಜಿಗೆ ಮುಳುಗುವವರು ನಲವತ್ತು ಮೀಟರ್ ದಾಟಬಾರದು ಎಂಬುದು ಸಾಮಾನ್ಯ ನಿಯಮ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ಬರುವವರೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಹಾಗಾದರೆ 200 ಯಾಕೆ? ನೀರಿಗೆ ಹಾರಿದಾಗ ಬೀಳುವ ಏಟು ಬೇರೆ, ವಾಚು ಹಳೆಯದಾದಂತೆ ಸಡಿಲಾಗುವ ವಾಷರು ಬೇರೆ. ಅದಕ್ಕೆಲ್ಲ ಕೈಯಲ್ಲಿ ಇಟ್ಟುಕೊಂಡ ಹೆಚ್ಚುವರಿ ಅದು. ಮುಳುಗು ವಾಚುಗಳಿಗೆಂದೇ ಅಂತರರಾಷ್ಟ್ರೀಯ ಮಾನದಂಡವಿದೆ, ಐಎಸ್‌ಒ 6425. ಬರೆದ ಆಳಕ್ಕಿಂತ ಕಾಲು ಪಾಲು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು, ಕತ್ತಲಲ್ಲಿ ಗೇಣು ದೂರದಿಂದ ಸಮಯ ಕಾಣಬೇಕು, ಉಪ್ಪುನೀರು, ಏಟು, ಅಯಸ್ಕಾಂತ ಇವನ್ನೆಲ್ಲ ತಾಳಬೇಕು. ಬರೀ 'ವಾಟರ್ ರೆಸಿಸ್ಟ್' ಎಂದಿದ್ದರೆ ಕೈತೊಳೆಯಲು ಅಡ್ಡಿಯಿಲ್ಲ. ಬಾವಿಯ ದಂಡೆಯಿಂದ ಜಿಗಿಯುವ ಹುಡುಗರಿಗೆ ಅದು ಸಾಲದು.

ಗಾಜಿನ ಸುತ್ತ ಒಂದು ಬಳೆ ಇರುತ್ತದಲ್ಲ, ಕಟಕಟ ಎಂದು ತಿರುಗುವುದು, ಅದು ಒಂದೇ ಕಡೆಗೆ ತಿರುಗುತ್ತದೆ. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ನಿಲ್ಲಿಸಿದರೆ, ಎಷ್ಟು ನಿಮಿಷ ಕಳೆಯಿತು ಎಂಬುದು ಕಣ್ಣಿಗೆ ಬೀಳುತ್ತದೆ. ಬಳೆ ತಾಗಿ ಜರುಗಿದರೂ ಕಳೆದ ಹೊತ್ತು ಹೆಚ್ಚು ತೋರಿಸೀತೇ ವಿನಾ ಕಡಿಮೆ ತೋರಿಸದು. ಮುಳುಗಿದವನು ಬೇಗ ಮೇಲೆ ಬರುತ್ತಾನೆ. ನಮ್ಮ ಹುಡುಗನಿಗೆ ಈ ಬಳೆಯ ಉಪಯೋಗ ನಾನು ಹೇಳುವ ಮೊದಲೇ ಹೊಳೆದಿತ್ತು. "ಮೂರು ಫೇಸ್ ಕರೆಂಟ್ ಬಂದ ಕೂಡಲೇ ತಿರುವಿ ಇಡ್ತೀನಿ ಕಾಕಾ. ಯಾವ ಸಾಲಿಗೆ ಎಷ್ಟು ಹೊತ್ತು ಡ್ರಿಪ್ ಬಿಟ್ಟೆ ಅನ್ನೂದು ತಪ್ಪಂಗಿಲ್ಲ" ಎಂದ. ಜಪಾನಿನವರು ಇದನ್ನು ಯೋಚಿಸಿರಲಿಕ್ಕಿಲ್ಲ.

ಇನ್ನು ಆ ಎರಡು ವಾಚುಗಳು. ಸೀಕೋದ್ದು ಎಸ್‌ಕೆಎಕ್ಸ್ 007. 1996ರಲ್ಲಿ ಬಂದು 2019ರ ಹೊತ್ತಿಗೆ ತಯಾರಿಕೆ ನಿಂತಿತು. ಈಗ ಸಿಗುವುದು ಹಳೆಯ ದಾಸ್ತಾನು ಇಲ್ಲವೇ ಯಾರೋ ಕಟ್ಟಿ ಬಿಟ್ಟದ್ದು. ಸಿಟಿಜನ್‌ದು ಪ್ರೊಮಾಸ್ಟರ್ ಎನ್‌ವೈ 0040; ಅದೇ ಕುಟುಂಬದ ಹೊಸ ವಾಚುಗಳು ಈಗಲೂ ಬರುತ್ತಿವೆ. ಎರಡೂ 200 ಮೀಟರಿನವು, ಎರಡರ ಅಗಲವೂ 42 ಮಿಲಿಮೀಟರ್ ಆಸುಪಾಸು, ಎರಡರಲ್ಲೂ ವಾರ ಮತ್ತು ತಾರೀಖು ಉಂಟು, ಎರಡರ ಒಳಗೂ 21 ಹರಳು, ಪೂರ್ತಿ ಬಿಗಿದರೆ ಎರಡೂ ಸುಮಾರು 40 ತಾಸು ನಡೆಯುತ್ತವೆ. ಕಾಗದದ ಮೇಲೆ ನೋಡಿದರೆ ಅಣ್ಣತಮ್ಮಂದಿರು. ವ್ಯತ್ಯಾಸ ಗೊತ್ತಾಗುವುದು ಕೈಗೆ ಕಟ್ಟಿದ ಮೇಲೆ.

ಮೊದಲನೆಯದು ಮುಳ್ಳು ಹೊಂದಿಸುವ ತಿರುಪಿನ ಜಾಗ. ಸೀಕೋದಲ್ಲಿ ಅದು ನಾಲ್ಕು ಗಂಟೆಯ ಹತ್ತಿರ ಇದೆ, ಸಿಟಿಜನ್‌ನಲ್ಲಿ ಎಡಗಡೆ ಎಂಟು ಗಂಟೆಯ ಹತ್ತಿರ. ಎಡಗೈಗೆ ಕಟ್ಟಿದಾಗ ಎಂಟು ಗಂಟೆಯ ಕಡೆ ಮೊಣಕೈಯತ್ತ ಇರುತ್ತದೆ. ಬೈಕಿನ ಹ್ಯಾಂಡಲ್ ಹಿಡಿದಾಗ, ಸನಿಕೆ ಒತ್ತಿದಾಗ, ಪಂಪಿನ ಬೆನ್ನುಚೀಲ ಎತ್ತಿದಾಗ ಮುಂಗೈ ಹಿಂದಕ್ಕೆ ಬಾಗುತ್ತದೆ. ಮಾಮೂಲು ವಾಚಿನ ತಿರುಪು ಆಗ ಕೈಯ ಹಿಂಬದಿಗೆ ಚುಚ್ಚುತ್ತದೆ. ಸೀಕೋ ತಿರುಪು ಸ್ವಲ್ಪ ಕೆಳಗಿರುವುದರಿಂದ ಕಡಿಮೆ ಚುಚ್ಚುತ್ತದೆ, ಸಿಟಿಜನ್‌ದು ಚುಚ್ಚುವುದೇ ಇಲ್ಲ. ಬಲಗೈಗೆ ಕಟ್ಟುವವರಿಗೆ ಈ ಲೆಕ್ಕ ತಿರುವುಮುರುವು, ನೆನಪಿರಲಿ.

ಎರಡನೆಯದು ಚಾವಿಯೇ. ಸೀಕೋದ ಈ ಯಂತ್ರಕ್ಕೆ ಬೆರಳಿನಿಂದ ಚಾವಿ ಕೊಡಲು ಬರುವುದೇ ಇಲ್ಲ. ನಿಂತಿತೋ, ಅಲುಗಾಡಿಸಿ ಎಬ್ಬಿಸಬೇಕು. ಅದರ ತೂಗುವ ತುಂಡು ಮಾತ್ರ ಎಡಕ್ಕೆ ತಿರುಗಲಿ ಬಲಕ್ಕೆ ತಿರುಗಲಿ ಸ್ಪ್ರಿಂಗು ಬಿಗಿಯುತ್ತದೆ. ಸೀಕೋ 1959ರಲ್ಲೇ ಕಂಡುಹಿಡಿದ ಸರಳವಾದ ಸನ್ನೆಗೋಲಿನ ಕೆಲಸ ಅದು. ಸಿಟಿಜನ್‌ದು ಒಂದೇ ಕಡೆ ತಿರುಗಿದಾಗ ಬಿಗಿಯುತ್ತದೆ, ಇನ್ನೊಂದು ಕಡೆ ಸುಮ್ಮನೆ ಗರಗರ ತಿರುಗುತ್ತದೆ, ಕಿವಿಗೊಟ್ಟರೆ ಕೇಳುತ್ತದೆ. ಆದರೆ ಅದಕ್ಕೆ ಎಚ್‌ಎಂಟಿಯಂತೆ ಚಾವಿ ಕೊಡಬಹುದು. ಹಗಲೆಲ್ಲ ಕಟ್ಟಿಕೊಂಡು ರಾತ್ರಿಯೂ ಬಿಚ್ಚದವನಿಗೆ ಸೀಕೋ ಸರಿ. ಕೊಯ್ಲಿನ ಹೊತ್ತಿಗೆ ಬಿಚ್ಚಿಟ್ಟು, ಸಂತೆಗೆ ಹೋಗುವಾಗ, ಮದುವೆಗೆ ಹೋಗುವಾಗ ತೆಗೆದು ಕಟ್ಟುವವನಿಗೆ ಸಿಟಿಜನ್ ಅನುಕೂಲ. ಇದರಲ್ಲೊಂದು ಸೂಕ್ಷ್ಮವುಂಟು: ತಿರುಪನ್ನು ಬಿಚ್ಚಿ ಚಾವಿ ಕೊಟ್ಟು ಮತ್ತೆ ಬಿಗಿಯುವುದು ಹೆಚ್ಚಾದಷ್ಟೂ ಅದರ ಥ್ರೆಡ್ಡು ಸವೆಯುತ್ತದೆ, ವಾಷರು ಸವೆಯುತ್ತದೆ. ಚಾವಿ ಕೊಡಲು ಬಾರದ ಸೀಕೋ ಆ ಮಟ್ಟಿಗೆ ಮಾಲೀಕನ ಬೆರಳಿನಿಂದ ತನ್ನನ್ನು ತಾನೇ ಕಾಯ್ದುಕೊಂಡಿದೆ.

ಸಮಯ ನಿಖರವೇ ಎಂದು ಕೇಳುತ್ತೀರಿ. ಎರಡೂ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಆಚೀಚೆ ಆಗಬಹುದು, ಅದು ದೋಷವಲ್ಲ. ಸೆಲ್ಲಿನ ಅಗ್ಗದ ವಾಚು ತಿಂಗಳಿಗೆ ತಪ್ಪುವಷ್ಟನ್ನು ಇವು ಒಂದೇ ದಿನದಲ್ಲಿ ತಪ್ಪುತ್ತವೆ. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಪೀಪ್ ಸದ್ದಿಗೆ ಸೆಕೆಂಡು ಮುಳ್ಳನ್ನು ನಿಲ್ಲಿಸಿ ಹೊಂದಿಸೋಣವೆಂದರೆ ಅದೂ ಆಗದು. ತಿರುಪು ಎಳೆದರೂ ಇವೆರಡರಲ್ಲಿ ಸೆಕೆಂಡು ಮುಳ್ಳು ನಿಲ್ಲುವುದಿಲ್ಲ. ಒಮ್ಮೆಲೇ ಬಹಳ ಮುಂದೆ ಓಡತೊಡಗಿದರೆ ಅಯಸ್ಕಾಂತ ತಾಗಿದೆ ಎಂದು ತಿಳಿಯಿರಿ. ಮೊಬೈಲಿನ ಸ್ಪೀಕರು, ಟೀವಿಯ ಸ್ಪೀಕರು, ನೀವೀಗ ಕೇಳುತ್ತಿರುವ ರೇಡಿಯೋದ ಸ್ಪೀಕರು, ಎಲ್ಲದರಲ್ಲೂ ಅಯಸ್ಕಾಂತವಿದೆ. ರಾತ್ರಿ ವಾಚನ್ನು ಅವುಗಳ ಮೇಲೆ ಇಡಬೇಡಿ. ಸರಿಯಾದ ಸಮಯವಷ್ಟೇ ಬೇಕು ಎನ್ನುವವರಿಗೆ ಸಿಟಿಜನ್‌ನಲ್ಲೇ ಬೆಳಕಿನಿಂದ ನಡೆಯುವ ವಾಚುಗಳಿವೆ; 1976ರಿಂದ ಮಾಡುತ್ತ ಬಂದಿದ್ದಾರೆ. ನಮ್ಮ ಕಡೆ ಬಿಸಿಲಿಗೇನು ಬರವೇ?

ಹೆಚ್ಚು ಮಾತಾಡಬೇಕಾದ ವಿಷಯ ರಿಪೇರಿ. ಹನುಮಸಾಗರದವನು ವಾಚು ಕೆಟ್ಟರೆ ಇಳಕಲ್ಲಿಗೋ ಗಜೇಂದ್ರಗಡಕ್ಕೋ ಕುಷ್ಟಗಿಗೋ ಹೋಗಬೇಕು. ಅಲ್ಲಿ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತಿರುವ ಹಿರಿಯ ರಿಪೇರಿಗಾರನ ಕೈ ಎಚ್‌ಎಂಟಿಯಲ್ಲಿ ಪಳಗಿದ ಕೈ. ಅವನಿಗೆ ಈ ಜಪಾನಿ ಯಂತ್ರಗಳು ಹೊಸತಲ್ಲ. ತೊಂದರೆ ಇರುವುದು ಮುಚ್ಚುವುದರಲ್ಲಿ. ಅಂಥವರೊಬ್ಬರು ಹೇಳಿದ್ದು ಇದು: "ಬಿಚ್ಚೂದೇನು ಸರ, ಯಾರೂ ಬಿಚ್ತಾರ. ಹೊಸ ವಾಷರ್ ಹಾಕಿ ಮುಚ್ಚಿ, ನೀರು ಹೋಗಂಗಿಲ್ಲ ಅಂತ ನೋಡೋ ಮಷೀನ್ ನಮ್ಮಂತಾವರ ಹತ್ರ ಎಲ್ಲೈತ್ರಿ?" ಮಾತು ಖರೆ. ಮುಳುಗು ವಾಚಿನ ಹಿಂದಿನ ಮುಚ್ಚಳ ಒಮ್ಮೆ ತೆರೆದು ಹಳೆಯ ವಾಷರಿನಲ್ಲೇ ಮುಚ್ಚಿದರೆ, ಡಯಲಿನ ಮೇಲಿನ 200 ಎಂಬ ಅಂಕಿ ಅಲ್ಲಿಗೆ ಬರೀ ಬಣ್ಣ. ರಬ್ಬರಿನ ವಾಷರು ನಮ್ಮ ಬೇಸಿಗೆಗೆ ಒಣಗುತ್ತದೆ, ಬೆವರಿಗೆ ಗಟ್ಟಿಯಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾದೀತು. ಆ ಖರ್ಚನ್ನು ವಾಚಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ.

ಒಳಗಿನ ಯಂತ್ರ ಪೂರ್ತಿ ಹಾಳಾದರೂ ಇವೆರಡರಲ್ಲೂ ದಾರಿಯಿದೆ. ಸಿಟಿಜನ್ ಒಳಗಿರುವುದು ಅದರದೇ ಮಿಯೋಟಾ ಘಟಕ ಮಾಡುವ ಯಂತ್ರದ ವಂಶದ್ದು. ಲೋಕದ ಎಷ್ಟೋ ಕಂಪನಿಗಳು ಮಿಯೋಟಾದ ಯಂತ್ರವನ್ನೇ ಕೊಂಡು ತಮ್ಮ ಹೆಸರಿನಲ್ಲಿ ವಾಚು ಮಾಡುತ್ತವೆ. ಹೀಗಾಗಿ ಬಿಡಿಭಾಗಗಳಿಗೆ ಬರವಿಲ್ಲ. ಸೀಕೋಗೂ ಅದೇ ಅಳತೆಯ ಹೊಸ ಯಂತ್ರ ಹಾಕಿಸಿಕೊಳ್ಳಬಹುದು. ಹಾಕಿಸಿದರೆ ಚಾವಿ ಕೊಡಲೂ ಬರುತ್ತದೆ.

ಪೇಟೆಯ ಮೋಸದ ಬಗ್ಗೆ ಎರಡು ಮಾತು. ಹಿಂದೆ ಪರದೇಶಿ ವಾಚು ಬೇಕಾದರೆ ಕೊಲ್ಲಿಗೆ ಹೋಗಿ ಬಂದವರ ಪೆಟ್ಟಿಗೆ ಕಾಯಬೇಕಿತ್ತು, ಇಲ್ಲವೇ ಭಟ್ಕಳದ ಪೇಟೆಗೆ ಹೋಗಬೇಕಿತ್ತು. ಈಗ ಮನೆ ಬಾಗಿಲಿಗೇ ಬರುತ್ತದೆ, ಮೋಸವೂ ಅದರ ಜೊತೆಗೇ ಬರುತ್ತದೆ. ಹಳೆಯ ಸೀಕೋ, ಹಳೆಯ ಎಚ್‌ಎಂಟಿಗಳ ಡಯಲಿಗೆ ಹೊಸ ಬಣ್ಣ ಬಳಿದು, ನಾಲ್ಕು ವಾಚಿನ ಭಾಗ ಕೂಡಿಸಿ ಮಾರುವ ದಂಧೆ ಮುಂಬೈಯಲ್ಲಿ ಬಹಳ ಕಾಲದಿಂದಿದೆ. ಬೆಲೆ ಸೋವಿ, ಬಣ್ಣ ಜೋರು ಎಂದರೆ ಕೈ ಹಿಂದೆ ತೆಗೆಯಿರಿ. ಇನ್ನೊಂದು, ಮೋಸ ಅನ್ನಲಾಗದು, ಆದರೆ ಎಚ್ಚರ ಬೇಕು: 2019ರಿಂದ ಬರುತ್ತಿರುವ ಸೀಕೋ 5 ಸ್ಪೋರ್ಟ್ಸ್ ವಾಚುಗಳು ನೋಡಲು ಥೇಟ್ ಆ ಎಸ್‌ಕೆಎಕ್ಸ್‌ನಂತೆಯೇ. ಬಳೆ ತಿರುಗುತ್ತದೆ, ಒಳಗಿನ ಯಂತ್ರವಂತೂ ಹಳೆಯದಕ್ಕಿಂತ ಮೇಲು. ಆದರೆ ಅವು 100 ಮೀಟರಿನವು, ತಿರುಪು ಬಿಗಿಯುವಂಥದ್ದಲ್ಲ, ಎಳೆದು ಒತ್ತುವಂಥದ್ದು. ಅಂಗಡಿಯವನು ಮುಳುಗು ವಾಚು ಎಂದೇ ಕೊಡುತ್ತಾನೆ.

ನೋಡಲು ನನಗೆ ಸೀಕೋನೇ ಚಂದ. ಅದರ ಮುಖದಲ್ಲಿ ಒಂದು ನೆಮ್ಮದಿಯಿದೆ, ರಾತ್ರಿ ಅದರ ಮುಳ್ಳುಗಳು ಹೊಳೆಯುವ ರೀತಿಯೇ ಬೇರೆ. ಆದರೆ ಹುಡುಗನಿಗೆ ನಾನು ಹೇಳಿದ್ದು, "ಸಿಟಿಜನ್ ಅಂತ ಹೇಳು ತಮ್ಮಾ" ಎಂದು. ಅವನು ಮುಂಗೈ ಬಾಗಿಸಿ ದುಡಿಯುವವನು. ದಿನ ಬಿಟ್ಟು ದಿನ ಬಿಚ್ಚಿಡುವವನು. ಈ ಎರಡರಲ್ಲಿ ಇವತ್ತು ಅಂಗಡಿಯಲ್ಲಿ ಬಿಲ್ಲು, ಗ್ಯಾರಂಟಿ ಸಮೇತ ಹೊಸದಾಗಿ, ಪೂರ್ತಿ 200 ಮೀಟರಿನದು ಸಿಗುವುದು ಆ ಕುಟುಂಬದಲ್ಲೇ. ನಿಂತುಹೋದ ಮಾದರಿಯ ಹಿಂದೆ ಓಡಿ, ಯಾರು ಬಿಚ್ಚಿ ಮುಚ್ಚಿದರೋ ತಿಳಿಯದ ವಾಚನ್ನು ಮದುವೆಯ ಕೈಗೆ ಕಟ್ಟುವುದು ಬೇಡ. ಬೆಲೆ ಐದಂಕಿ ಮುಟ್ಟುತ್ತದೆ; ಅದನ್ನು ಬೀಗರ ತಲೆಗೆ ಕಟ್ಟದೆ ದಾಳಿಂಬೆಯ ದುಡ್ಡಿನಲ್ಲೇ ಕೊಂಡರೆ ಇನ್ನೂ ಒಳ್ಳೆಯದು ಎಂದೂ ಹೇಳಿದೆ. ಅದಕ್ಕವನು ಉತ್ತರ ಕೊಡಲಿಲ್ಲ.

ಕೊಳ್ಳುವವರು ಯಾವುದನ್ನೇ ಕೊಳ್ಳಲಿ, ಬಿಲ್ಲು ಜೋಪಾನ ಮಾಡಿ. ಔಷಧ ಹೊಡೆದ ದಿನ ಸಿಹಿನೀರಿನಲ್ಲಿ ತೊಳೆದು ಒರೆಸಿ. ಬಾವಿಗೆ ಹಾರುವ ಮೊದಲು ತಿರುಪು ಬಿಗಿಯಾಗಿದೆಯೇ ಎಂದು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳಿ.